ಅಕ್ಕನ ರೆಪ್ಪೆ, ಬೋರಣ್ಣನ ಬೆಳಕು

ನಮ್ಮ ಮನೆಯಲ್ಲಿ ಗ್ಯಾಸ್ ಲೈಟರ್ ಕಳೆದುಹೋಗುವುದಿಲ್ಲ. ಬೇರೆಯವರ ಮನೆಗಳಲ್ಲಿ ಅದು ಅಕ್ಕಿ ಡಬ್ಬದ ಹಿಂದೆಯೋ ದೇವರ ಗೂಡಿನಲ್ಲೋ, ಇಲ್ಲ ಮಕ್ಕಳ ಕೈಯಲ್ಲಿ ಪಿಸ್ತೂಲಾಗಿಯೋ ಸಿಕ್ಕುತ್ತದಂತೆ. ನನ್ನ ಹೆಂಡತಿ ಸಾವಿತ್ರಿ ಅದನ್ನು ಸುರುಳಿ ಸುರುಳಿಯಾದ ಒಂದು ಕಪ್ಪು ವೈರಿಗೆ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕಿದ್ದಾಳೆ. ಎಳೆದರೆ ಒಲೆಯ ತನಕ ಬರುತ್ತದೆ. ಬಿಟ್ಟರೆ ಹಸುವಿನ ಬಾಲದ ಹಾಗೆ ಒಂದು ಸಲ ಬೀಸಿ ತನ್ನ ಜಾಗಕ್ಕೆ ಹೋಗಿ ತೂಗಾಡುತ್ತದೆ. ಬಂದ ನೆಂಟರೆಲ್ಲ ಅವಳ ಬುದ್ಧಿಯನ್ನು ಮೆಚ್ಚಿಕೊಳ್ಳುತ್ತಾರೆ. ಆದರೆ ಆ ವೈರು ಯಾವುದು ಅಂತ ಒಬ್ಬರೂ ಕೇಳುವುದಿಲ್ಲ. ಕೇಳಿದರೆ ಹೇಳೋಣ ಅಂತ ನಾನು ಊಟದ ತಟ್ಟೆಯ ಮುಂದೆ ಕಾದು ಕೂತಿರುತ್ತೇನೆ. ಅವರು ಕೇಳುವ ಸೂಚನೆ ಇಲ್ಲವಾದ್ದರಿಂದ ನಿಮಗೇ ಹೇಳಿಬಿಡುತ್ತೇನೆ.

ಅದು ಸಿಂಕ್ ವೈರು. ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ತುದಿ ಫ್ಲ್ಯಾಶಿಗೆ. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಬೆಳಕು. ಫ್ಲ್ಯಾಶನ್ನು ಕ್ಯಾಮೆರಾದ ತಲೆಯ ಮೇಲೇ ಕೂರಿಸಬಹುದಲ್ಲ, ವೈರು ಯಾಕೆ ಅಂತ ನೀವು ಕೇಳಬಹುದು. ನನ್ನ ಗಿರಾಕಿಗಳೂ ಹಾಗೇ ಕೇಳುತ್ತಿದ್ದರು. ತಲೆಯ ಮೇಲೆ ಕೂತ ಫ್ಲ್ಯಾಶು ಮುಖಕ್ಕೆ ನೇರವಾಗಿ ರಪ್ಪಂತ ಹೊಡೆಯುತ್ತದೆ. ಮೂಗು ಹೋಗುತ್ತದೆ, ಗಲ್ಲ ಹೋಗುತ್ತದೆ, ಉಳಿಯುವುದು ತಟ್ಟಿದ ರೊಟ್ಟಿ, ಅದರಲ್ಲಿ ಎರಡು ಕಣ್ಣು. ಬೆಳಕು ಪಕ್ಕದಿಂದ ಬಂದರೆ ಮಾತ್ರ ಮುಖ ಮುಖವಾಗುತ್ತದೆ.

ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ನಮ್ಮಪ್ಪ ಮಳವಳ್ಳಿ ಕಡೆಯ ಆಲೆಮನೆಯೊಂದರಲ್ಲಿ ಬೆಲ್ಲದ ಪಾಕ ನೋಡುತ್ತಿದ್ದವರು. ಶಾಲೆ ಬಿಟ್ಟ ಕೂಡಲೇ ನಾನೂ ಅಕ್ಕನೂ ಅಲ್ಲಿಗೆ ಓಡಿ ಒಲೆಯ ಬಾಯಿಯ ಹತ್ತಿರ ಕೂರುತ್ತಿದ್ದೆವು. ಕಬ್ಬಿನ ಒಣ ಸಿಪ್ಪೆ ಒಳಗೆ ಬಿದ್ದಾಗಲೆಲ್ಲ ಉರಿ ಭುಗ್ಗಂತ ಏಳುತ್ತಿತ್ತು. ಎದುರಿಗೆ ಕೂತವರ ಒಂದು ಕೆನ್ನೆ ಬೆಲ್ಲದ ಬಣ್ಣ, ಇನ್ನೊಂದು ಕೆನ್ನೆ ಕತ್ತಲು. ದಿನಾ ನೋಡುವ ಅದೇ ಜನ, ಅದೇ ಮೀಸೆ, ಅದೇ ಮುರುಕು ಹಲ್ಲು, ಆದರೆ ಆ ಬೆಳಕಿನಲ್ಲಿ ಒಬ್ಬೊಬ್ಬರೂ ರಾಜರಂತೆ ಕಾಣುತ್ತಿದ್ದರು. ಮುಖ ಅಂದರೆ ಗುಡ್ಡ ಹಳ್ಳ ಇರುವ ಜಾಗ ಅಂತ ನನಗೆ ತಿಳಿದದ್ದು ಅಲ್ಲಿ. ಎಂಟನೇ ಕ್ಲಾಸಿಗೆ ಶಾಲೆ ಮುಗಿಯಿತು. ನಾನು ಶಾಲೆಯನ್ನು ಬಿಟ್ಟೆನೋ, ಶಾಲೆ ನನ್ನನ್ನು ಬಿಟ್ಟಿತೋ ಎಂಬ ಬಗ್ಗೆ ನಮ್ಮೂರಿನಲ್ಲಿ ಎರಡು ಅಭಿಪ್ರಾಯವಿದೆ. ಆದರೆ ನನ್ನ ಕೆಲಸಕ್ಕೆ ಬೇಕಾದ ಪಾಠ ಅಷ್ಟರೊಳಗೇ ಆಗಿಹೋಗಿತ್ತು.

ಮಳವಳ್ಳಿಯ ಒಂದು ಸ್ಟುಡಿಯೊದಲ್ಲಿ ಫೋಟೊ ತೊಳೆದು, ಒಣಗಿಸಿ, ಅಂಚು ಕತ್ತರಿಸಿ ಕೈ ಪಳಗಿಸಿಕೊಂಡೆ. ಆಮೇಲೆ ಮದ್ದೂರಿನಲ್ಲಿ, ಮಳವಳ್ಳಿ ರಸ್ತೆಗೆ ಮುಖ ಮಾಡಿದ ಒಂದು ಸಣ್ಣ ಮಳಿಗೆ ಹಿಡಿದೆ. ಯಾರ ಹತ್ತಿರವೂ ಕೈ ಚಾಚದೆ ನಿಲ್ಲಿಸಿದ ಅಂಗಡಿ ಅದು. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಮುಂದಕ್ಕೆ ಬರುತ್ತದೆ ಅಂತ ಸಾವಿತ್ರಿ ಹೇಳುತ್ತಾಳೆ. ಬರಲಿ ಬಿಡಿ, ನನ್ನ ಎದೆ ತಾನೆ.

ಆ ವೈರನ್ನು ಅಡುಗೆಮನೆಗೆ ಅಟ್ಟಿದ್ದು ಒಂದು ಬೀಗರೂಟ. ಹನಕೆರೆ ಹತ್ತಿರದ ಊರು. ಹೊಸ ಗಂಡು ಹೆಣ್ಣು ಎಲೆಯ ಮುಂದೆ ಕೂತಿದ್ದರು. ನಾನು ಆಲೆಮನೆಯ ಬೆಳಕು ಬರಲಿ ಅಂತ ಫ್ಲ್ಯಾಶನ್ನು ಊಟದ ಪಂಕ್ತಿಯ ಆಚೆ ಬದಿಯಲ್ಲಿ ಚಪ್ಪರದ ಒಂದು ಗಳುವಿಗೆ ಕಟ್ಟಿ, ವೈರನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದು ನಿಂತಿದ್ದೆ. ಬಡಿಸುವವನು ಮಟನ್ ಸಾರಿನ ಬಕೆಟ್ಟು ಹಿಡಿದು ಓಡುತ್ತಾ ಬಂದ. ವೈರು ಅವನ ಮೊಣಕಾಲಿಗೆ ಸರಿಯಾದ ಎತ್ತರದಲ್ಲಿತ್ತು. ಮುಂದಿನದನ್ನು ನಾನು ವಿವರಿಸುವುದಿಲ್ಲ. ಆ ಊರಿನಲ್ಲಿ ಎಷ್ಟೋ ಮದುವೆ, ನಾಮಕರಣ ತೆಗೆದಿದ್ದೇನೆ, ಚೆನ್ನಾಗಿಯೇ ತೆಗೆದಿದ್ದೇನೆ. ಆದರೂ ಈವತ್ತಿಗೂ ಅಲ್ಲಿ ನನ್ನ ಹೆಸರು ಸಾರು ಚೆಲ್ಲಿದ ಫೋಟೊದವನು.

ಹಾಗಾಗಿ ವೈರಿಲ್ಲದೆ ಫ್ಲ್ಯಾಶು ಹತ್ತಬೇಕು ಎಂಬ ಹಟ ಹಿಡಿಯಿತು. ರೇಡಿಯೊದಲ್ಲಿ ಹತ್ತಿಸುವ ಯಂತ್ರಗಳು ಆಗ ದೊಡ್ಡ ಸ್ಟುಡಿಯೊಗಳ ಪಾಲು. ನನ್ನ ಕೈಗೆಟಕಿದ್ದು ಸ್ಲೇವ್ ಎಂಬ ಒಂದು ಪುಟ್ಟ ಬಿಲ್ಲೆ. ಅದರ ಮುಖದಲ್ಲಿ ಹುಣಸೆಬೀಜದಷ್ಟು ಒಂದು ಕಣ್ಣು. ಅದನ್ನು ಫ್ಲ್ಯಾಶಿನ ಕಾಲಿಗೆ ಸಿಕ್ಕಿಸಿ ಎಲ್ಲಿ ಬೇಕಾದರೂ ಇಡಬಹುದು. ಬೇರೆ ಕಡೆ ಒಂದು ಬೆಳಕು ಫಕ್ಕಂತ ಮಿಂಚಿದರೆ ಸಾಕು, ಇದು ನೋಡಿ ತಾನೂ ಮಿಂಚುತ್ತದೆ. ಕ್ಯಾಮೆರಾದ ತಲೆಯಲ್ಲಿರುವ ಪುಟ್ಟ ಫ್ಲ್ಯಾಶು ಕರೆಯುತ್ತದೆ, ಮೂಲೆಯಲ್ಲಿರುವ ದೊಡ್ಡದು ಓ ಅನ್ನುತ್ತದೆ, ಅಷ್ಟೆ.

ಆದರೆ ಕರೆಯುವ ಬೆಳಕು ಮುಖದ ಮೇಲೆ ಬಿದ್ದರೆ ಮತ್ತೆ ರೊಟ್ಟಿ. ಅದಕ್ಕೂ ಒಂದು ದಾರಿ ಕಂಡುಕೊಂಡೆ. ರೋಲಿನ ಕಾಲದ ತೊಳೆದ ಕಲರ್ ಫಿಲಮ್ಮಿನ ತುದಿಯಲ್ಲಿ ಬೆಳಕು ತಿಂದು ಪೂರ್ತಿ ಕಪ್ಪಾದ ಒಂದು ತುಂಡು ಇರುತ್ತದೆ. ಅದನ್ನು ಎರಡು ಪದರ ಮಾಡಿ ಪುಟ್ಟ ಫ್ಲ್ಯಾಶಿನ ಬಾಯಿಗೆ ಅಂಟಿಸಿದೆ. ನಮ್ಮ ಕಣ್ಣಿಗೆ ಅಲ್ಲಿ ಬರೀ ಕತ್ತಲು. ಸ್ಲೇವಿನ ಕಣ್ಣಿಗೆ ಮಾತ್ರ ಅದರೊಳಗಿಂದ ಏನೋ ಕಾಣುತ್ತದೆ, ಹತ್ತುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ಅದು ಎಂಟನೇ ಕ್ಲಾಸಿನಿಂದ ಮುಂದಿನ ಪಾಠ ಇರಬೇಕು. ದೊಡ್ಡ ಸ್ಟುಡಿಯೊಗಳಲ್ಲಿ ಬೆಳಕನ್ನು ಮೆತ್ತಗೆ ಮಾಡಲು ಕೊಡೆ, ಪೆಟ್ಟಿಗೆ ಎಲ್ಲ ಇಟ್ಟಿರುತ್ತಾರೆ. ನಾನು ಅಪ್ಪನ ಬಿಳಿ ಪಂಚೆಯನ್ನು ಒಂದು ಚೌಕಟ್ಟಿಗೆ ಬಿಗಿದು, ಅದರ ಹಿಂದೆ ಫ್ಲ್ಯಾಶು ಇಟ್ಟೆ. ಎಷ್ಟೋ ವರ್ಷ ಒಗೆದು ಒಗೆದು ನವೆದ ಪಂಚೆ. ಅಂಥ ಬೆಳಕು ಹೊಸ ಬಟ್ಟೆಯಲ್ಲಿ ಬರುವುದಿಲ್ಲ.

ಸ್ಲೇವಿಗೆ ಒಂದೇ ದುರ್ಗುಣ. ಅದಕ್ಕೆ ಯಜಮಾನ ಯಾರು ಅಂತ ಗೊತ್ತಿಲ್ಲ. ಮದುವೆಮನೆಯಲ್ಲಿ ಯಾರ ಕ್ಯಾಮೆರಾ ಮಿಂಚಿದರೂ ನನ್ನ ಫ್ಲ್ಯಾಶು ಓ ಅನ್ನುತ್ತಿತ್ತು. ಊರ ನೆಂಟರೆಲ್ಲ ಸೇರಿ ನನ್ನ ಸೆಲ್ಲು ತಿಂದುಹಾಕುತ್ತಿದ್ದರು. ಇನ್ನು ಅಂಗಡಿಯಲ್ಲಿ ನನ್ನ ಪಕ್ಕದ ಮಳಿಗೆ ವೆಲ್ಡಿಂಗ್ ಬೋರಣ್ಣನದು. ನಡುವಿನ ಗೋಡೆ ಸೂರಿನ ತನಕ ಹೋಗಿಲ್ಲ, ಮೇಲೆ ಒಂದು ಮೊಳ ಸಂದಿಗೆ ತಗಡು ಹೊಡೆದಿದ್ದಾರೆ, ಅದರ ಮೇಲೂ ಸಂದಿ. ಬೋರಣ್ಣ ಆ ಕಡೆ ಕಬ್ಬಿಣಕ್ಕೆ ವೆಲ್ಡಿಂಗ್ ಕಡ್ಡಿ ಮುಟ್ಟಿಸಿದರೆ ನನ್ನ ಸೂರಿನ ಮೇಲೆ ನೀಲಿ ಬೆಳಕು ಕುಣಿಯುತ್ತದೆ, ನನ್ನ ಫ್ಲ್ಯಾಶು ಈ ಕಡೆ ಫಕ್ಕಂತ ಹತ್ತುತ್ತದೆ. ಆದ್ದರಿಂದ ನಮ್ಮಿಬ್ಬರಲ್ಲಿ ಒಂದು ಒಪ್ಪಂದ. ನಾನು ಫೋಟೊ ತೆಗೆಯುವಾಗ ತಗಡು ತಟ್ಟುತ್ತೇನೆ, ಅವನು ಬೀಡಿ ಹಚ್ಚುತ್ತಾನೆ. ಮುಗಿದ ಮೇಲೆ ಮತ್ತೆ ತಟ್ಟುತ್ತೇನೆ, ಅವನು ಕಡ್ಡಿ ಹಿಡಿಯುತ್ತಾನೆ. ನನ್ನ ವ್ಯಾಪಾರ ಜೋರಾದ ದಿನ ಅವನ ಎದೆ ಕೆಡುತ್ತದೆ ಅಂತ ಅವನ ಹೆಂಡತಿ ನನಗೆ ಬೈದದ್ದೂ ಉಂಟು.

ಇಷ್ಟು ಹೇಳಿದ ಮೇಲೆ ಅಕ್ಕನ ವಿಷಯಕ್ಕೆ ಬರಬಹುದು.

ನಮ್ಮಕ್ಕ ಜಯಮ್ಮನನ್ನು ಕೊಟ್ಟದ್ದು ಕೆರಗೋಡು ಕಡೆಯ ಒಂದು ಹಳ್ಳಿಗೆ. ಅವಳಿಗೆ ಹೆದರಿಕೆ ಅನ್ನುವುದು ಏನು ಅಂತ ಗೊತ್ತಿಲ್ಲ. ಹಾವು ಬಂದರೆ ಗಂಡನನ್ನು ಕರೆಯುವುದಿಲ್ಲ, ಕೋಲು ಹುಡುಕುತ್ತಾಳೆ. ಆದರೆ ಫೋಟೊದಲ್ಲಿ ಅವಳ ಕಣ್ಣು ತೆರೆದಿದ್ದನ್ನು ಯಾರೂ ಕಂಡಿಲ್ಲ. ಮದುವೆ ಆಲ್ಬಮ್ ಪೂರ್ತಿ ಮುಚ್ಚಿದ ಕಣ್ಣು. ಸೊಸೆ ನಿದ್ದೆಯಲ್ಲೇ ತಾಳಿ ಕಟ್ಟಿಸಿಕೊಂಡಳು ಅಂತ ಅವಳ ಅತ್ತೆ ಬದುಕಿರುವ ತನಕ ಬಂದವರಿಗೆಲ್ಲ ಆಲ್ಬಮ್ ತೋರಿಸಿ ನಗುತ್ತಿದ್ದರು. ಮೊದಲನೇ ಮಗು ಮಡಿಲಲ್ಲಿಟ್ಟುಕೊಂಡ ಫೋಟೊದಲ್ಲಿ ಮಗು ಕಣ್ಣು ಬಿಟ್ಟಿದೆ, ಅಕ್ಕ ಮುಚ್ಚಿದ್ದಾಳೆ. ಅವಳಿಗೆ ಬೆಳಕಿನ ತೊಂದರೆಯಲ್ಲ. ಗುಂಡಿಯ ಮೇಲಿನ ಬೆರಳು ಅಲ್ಲಾಡುವುದು ಅವಳ ರೆಪ್ಪೆಗೆ ಮೊದಲೇ ತಿಳಿಯುತ್ತದೆ. ನಾನು ಬೆರಳು ಮುಚ್ಚಿಕೊಂಡು ನೋಡಿದ್ದೇನೆ, ಮಾತಾಡುತ್ತಾ ಒತ್ತಿ ನೋಡಿದ್ದೇನೆ, ಎಲ್ಲಿಯೋ ನೋಡುತ್ತಾ ಒತ್ತಿದ್ದೇನೆ. ತಮ್ಮ ಫೋಟೊದವನಾಗಿಯೂ ಅಕ್ಕನದು ಒಂದು ನೆಟ್ಟಗಿನ ಫೋಟೊ ಇಲ್ಲ ಎಂಬ ಮಾತು ನಮ್ಮ ನೆಂಟರಲ್ಲಿ ಹಳೆಯದಾಗಿಹೋಗಿತ್ತು.

ಕೆಲವು ವರ್ಷದ ಹಿಂದೆ ಅಕ್ಕ ತಮ್ಮೂರಿನ ಹಾಲಿನ ಸೊಸೈಟಿಗೆ ಅಧ್ಯಕ್ಷೆಯಾದಳು. ಆ ಊರಿನಲ್ಲಿ ಹೆಂಗಸು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಹಳೆಯ ಅಧ್ಯಕ್ಷರುಗಳ ಫೋಟೊ ಗೋಡೆಯ ಮೇಲೆ ಸಾಲಾಗಿವೆ, ಎಲ್ಲರಿಗೂ ಮೀಸೆ, ಎಲ್ಲರಿಗೂ ಕಣ್ಣು. ಹೊಸ ಕಟ್ಟಡ ಆಗಿತ್ತು, ಅದರ ಪ್ರಾರಂಭಕ್ಕೆ ಅಕ್ಕನ ಫೋಟೊ ಆ ಸಾಲಿಗೆ ಸೇರಬೇಕಿತ್ತು. ಚುನಾವಣೆಯಲ್ಲಿ ಸೋತ ಮರೀಗೌಡ ಎಂಬುವರು ಟೀ ಅಂಗಡಿಯಲ್ಲಿ ಕೂತು ಒಂದು ಮಾತು ಬಿಟ್ಟಿದ್ದರು. ಅದು ಹಾಲಿನ ಕ್ಯಾನಿಗಿಂತ ಬೇಗ ಅಕ್ಕನ ಮನೆ ತಲುಪಿತು.

"ಫೋಟೊದಲ್ಲೇ ಕಣ್ ಬುಡದವ್ಳು ಲೆಕ್ಕದಲ್ಲಿ ಕಣ್ ಬುಟ್ಟಾಳಾ?"

ಅಕ್ಕ ಇದನ್ನು ನನಗೆ ಫೋನಿನಲ್ಲಿ ನಗುತ್ತಲೇ ಹೇಳಿದಳು. ಆದರೆ ನಗು ಮುಗಿದ ಮೇಲೂ ಫೋನು ಇಡಲಿಲ್ಲ. ಅಕ್ಕ ಹಾಗೆ ಸುಮ್ಮನೆ ಫೋನು ಹಿಡಿದುಕೊಂಡವಳಲ್ಲ.

ಮಾರನೆಯ ದಿನ ಅವಳ ಮಗ ಮಂಜು ಫೋನು ಮಾಡಿದ. ಮಂಡ್ಯದ ಹತ್ತಿರದ ಕೃಷಿ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸ, ಓದಿದ ಹುಡುಗ, ಮೆತ್ತಗೆ ಮಾತಾಡುತ್ತಾನೆ. ಮಂಡ್ಯದಲ್ಲಿ ಒಂದು ದೊಡ್ಡ ಸ್ಟುಡಿಯೊ ಗೊತ್ತು ಮಾಡಿದ್ದೇನೆ, ಅಲ್ಲಿ ಬೇಕಾದಷ್ಟು ಲೈಟಿವೆ, ಕಣ್ಣು ಮುಚ್ಚಿದ್ದರೂ ಕಂಪ್ಯೂಟರಿನಲ್ಲಿ ಬೇರೆ ಕಣ್ಣು ಕೂರಿಸಿಕೊಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ ಮಾವ ಅಂದ. ನನಗೆ ಯಾಕಪ್ಪ ಬೇಜಾರು ಅಂತ ಹೇಳಿ ಫೋನಿಟ್ಟವನು ಅಂಗಡಿಯ ಗಾಜು ಒರೆಸತೊಡಗಿದೆ. ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ. ನನಗೆ ಬೇಜಾರಾದರೆ ಗಾಜು ಹೊಳೆಯುತ್ತದೆ ಅಂತ ಸಾವಿತ್ರಿಗೆ ಗೊತ್ತು. ಅವಳು ನನ್ನನ್ನು ಏನೂ ಕೇಳದೆ ನೇರ ಅಕ್ಕನಿಗೇ ಫೋನು ಮಾಡಿದ್ದಾಳೆ.

ನಿಜ ಹೇಳುತ್ತೇನೆ, ಕಂಪ್ಯೂಟರ್ ಕಣ್ಣಿನ ಮಾತು ನನಗೆ ಚುಚ್ಚಿತು. ಬೇರೆ ಯಾರದೋ ಕಣ್ಣನ್ನು ನಮ್ಮಕ್ಕನ ಮುಖಕ್ಕೆ ಅಂಟಿಸುವುದೇ? ಆ ಕಣ್ಣು ಯಾವತ್ತಾದರೂ ಕೋಲು ಹಿಡಿದು ಹಾವನ್ನು ಎದುರಿಸಿದೆಯೇ?

ಸಂಜೆ ಅಕ್ಕನ ಫೋನು ಬಂತು.

"ನಾಳೆ ಬೆಳಿಗ್ಗೆ ನಿನ್ನತ್ರಕ್ಕೇ ಬತ್ತೀನಿ ಕಣ್ಲಾ. ಕಣ್ ಬುಟ್ಟಿರೋದು ಒಂದೇ ಒಂದು ತೆಕ್ಕೊಡು, ಅದೇ ಇರ್ಲಿ. ಆಗ್ನಿಲ್ವಾ, ಮಧ್ಯಾನ್ದೊಳಗೆ ಮಂಡ್ಯಕ್ಕೆ ಓಯ್ತೀನಿ. ನೀನು ಮೂತಿ ಊದಿಸ್ಕಬಾರ್ದು."

ಕೆರಗೋಡಿನಿಂದ ಮದ್ದೂರಿಗೆ ಮಂಡ್ಯ ದಾಟಿಯೇ ಬರಬೇಕು. ಆ ದೊಡ್ಡ ಸ್ಟುಡಿಯೊ ಇರುವ ರಸ್ತೆಯಲ್ಲೇ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವಳು ನನ್ನ ಹತ್ತಿರಕ್ಕೆ ಬಂದಳು. ಜೊತೆಯಲ್ಲಿ ಮಂಜು. ಹಸಿರಂಚಿನ ಸೀರೆ, ಕೈಯಲ್ಲಿ ಒಂದು ಡಬ್ಬಿ ಬೆಣ್ಣೆ. ನಾನು ಬೆಳಿಗ್ಗೆಯೇ ಪಂಚೆ ಬಿಗಿದು, ಫ್ಲ್ಯಾಶಿಗೆ ಹೊಸ ಸೆಲ್ಲು ಹಾಕಿ ಕಾದಿದ್ದೆ. ತಗಡು ತಟ್ಟಿದೆ. ಬೋರಣ್ಣ ಬೀಡಿ ಹಚ್ಚಿದ.

ಒತ್ತಿದೆ. ಮುಚ್ಚಿದ ಕಣ್ಣು. ಮತ್ತೆ ಒತ್ತಿದೆ. ಮುಚ್ಚಿದ ಕಣ್ಣು. ಕಣ್ಣು ಮುಚ್ಚಿಕೊಂಡೇ ಇರು, ನಾನು ಹೂಂ ಅಂದಾಗ ಬಿಡು ಅಂದೆ. ಹೂಂ ಅಂದಾಗ ಬಿಟ್ಟಳು, ಒತ್ತುವಾಗ ಮುಚ್ಚಿದಳು. ಮಂಜುವನ್ನು ನೋಡುತ್ತಾ ಇರು ಅಂದೆ. ಮಂಜು ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದ. ಅದನ್ನು ನೋಡಿ ಅಕ್ಕ ಇನ್ನೂ ಗಟ್ಟಿಯಾಗಿ ಮುಚ್ಚಿದಳು. ಫೋಟೊಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರೆ ಎಲ್ಲದರಲ್ಲೂ ಬೆಳಕು ಮಾತ್ರ ಅಪ್ಪನ ಪಂಚೆಯಿಂದ ಇಳಿದು ಬೆಣ್ಣೆಯ ಹಾಗೆ ಕೂತಿದೆ. ನಿದ್ದೆ ಮಾಡುವವಳ ಮೇಲೆ ಅಷ್ಟು ಒಳ್ಳೆಯ ಬೆಳಕು ನಾನು ಯಾವತ್ತೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ಗದ್ದಲ. ಕಬ್ಬು ತುಂಬಿದ ಟ್ರಾಲಿಯೊಂದರ ಕೊಂಡಿ ಮುರಿದು ರಸ್ತೆಯಲ್ಲೇ ನಿಂತಿದೆ, ಹಿಂದೆ ಬಸ್ಸುಗಳು ಹಾರನ್ ಹೊಡೆಯುತ್ತಿವೆ, ಕೊಂಡಿ ಬೋರಣ್ಣನ ಮುಂದೆ ಬಂದು ಬಿದ್ದಿದೆ. ನೀಲಿ ಬೆಳಕು ಸೂರಿನ ಮೇಲೆ ಕುಣಿಯಿತು. ನನ್ನ ಫ್ಲ್ಯಾಶು ಫಕ್ಕಂತ ಹತ್ತಿತು. ನಾನು ತಗಡು ತಟ್ಟಿದೆ. ಇನ್ನೂ ಜೋರಾಗಿ ತಟ್ಟಿದೆ.

"ಈಗ ನಿಲ್ಸಕಾಗಕಿಲ್ಲ," ಅಂತ ಬೋರಣ್ಣ ಆ ಕಡೆಯಿಂದ ಕೂಗಿದ. "ರೋಡ್ ಕಟ್ಕಂಡದೆ ಕಣಪ್ಪ. ನಿಮ್ಮಕ್ಕ ಇನ್ನೊಂದ್ ಗಳಿಗೆ ಮಲಕ್ಕಳ್ಳಿ."

ಹೋಯಿತು ಬಿಡು ಅಂತ ಸ್ಟೂಲಿನ ಮೇಲೆ ಕೂತೆ. ಸಾವಿತ್ರಿ ಟೀ ತಂದಳು. ಅಕ್ಕ ತನ್ನ ಜಾಗದಿಂದ ಏಳದೆ ಅಲ್ಲೇ ಕುಡಿಯುತ್ತಾ, ತಮ್ಮನ ಮುಖ ನೋಡಿ ಮಾತು ಬೇರೆ ಕಡೆಗೆ ತಿರುಗಿಸಲು ಮನೆಯ ಹಸುವಿನ ಕತೆ ತೆಗೆದಳು. ಚೊಚ್ಚಲು ಕರು ಹಾಕುವುದಿದೆಯಂತೆ. ಅಂಥವು ಹಾಲು ಕರೆಯಲು ಕೂತರೆ ಒದೆಯುತ್ತವೆ. ಅದಕ್ಕೆ ಅವಳು ಈಯುವುದಕ್ಕೆ ಮುಂಚಿನಿಂದಲೇ ದಿನಾ ಹೋಗಿ ಸುಮ್ಮನೆ ಕೆಚ್ಚಲು ಸವರಿ ಬರುತ್ತಾಳಂತೆ. ಕರೆಯುವುದಿಲ್ಲ, ಕಟ್ಟುವುದಿಲ್ಲ, ಬರೀ ಸವರುವುದು.

"ಮೊದ್ಲು ಒದೀತದೆ. ಆಮೇಲೆ ಬಾಲ ಬೀಸ್ತದೆ. ಆಮೇಲೆ ಅದ್ಕೇ ಬ್ಯಾಸರ ಬಂದು ಸುಮ್ಕಾಯ್ತದೆ," ಅಂದಳು ಅಕ್ಕ. "ಕರೆಯೋ ದಿನ ಯಾವ್ದು, ಸವರೋ ದಿನ ಯಾವ್ದು, ಅದ್ಕೇನು ಗೊತ್ತು."

ಈ ಮಾತಿನುದ್ದಕ್ಕೂ ಬೋರಣ್ಣನ ಕಡ್ಡಿ ಚಿಟಿಚಿಟಿ ಅನ್ನುತ್ತಿತ್ತು, ನನ್ನ ಫ್ಲ್ಯಾಶು ಬಿಟ್ಟು ಬಿಟ್ಟು ಫಕ್ ಫಕ್ ಅನ್ನುತ್ತಿತ್ತು. ಸೆಲ್ಲು ಹಾಳಾಗುತ್ತಿದೆಯಲ್ಲ ಅಂತ ನಾನು ಅದನ್ನು ಆರಿಸಲು ಎದ್ದೆ. ಎದ್ದವನು ಅಕ್ಕನ ಮುಖ ನೋಡಿ ಅಲ್ಲೇ ನಿಂತೆ. ಮೊದಮೊದಲು ಪ್ರತಿ ಮಿಂಚಿಗೂ ಮುಖ ಸಿಂಡರಿಸುತ್ತಿದ್ದವಳು ಈಗ ಮಾತಾಡುತ್ತಲೇ ಇದ್ದಳು. ಫ್ಲ್ಯಾಶು ಮಿಂಚಿತು. ಅವಳ ರೆಪ್ಪೆ ಅಲ್ಲಾಡಲಿಲ್ಲ.

ನಾನು ಫ್ಲ್ಯಾಶು ಆರಿಸಲಿಲ್ಲ. ಅಕ್ಕನಿಗೆ ಏನೂ ಹೇಳದೆ ಹಿತ್ತಲ ಬಾಗಿಲಿನಿಂದ ಬೋರಣ್ಣನ ಹತ್ತಿರ ಹೋದೆ. ಕೊಂಡಿ ಕೂತಿತ್ತು, ಅವನು ಕಡ್ಡಿ ಕೆಳಗಿಡುವುದರಲ್ಲಿದ್ದ.

"ನಿಲ್ಲಿಸ್ಬ್ಯಾಡ ಕಣಣ್ಣ. ಯಾವ್ದಾದ್ರೂ ಅಳೇ ಕಬ್ಣ ಇದ್ರೆ ಕಡ್ಡಿ ಮುಟ್ಟಿಸ್ತಾ ಇರು."

"ತಲೆ ಗಿಲೆ ಕೆಟ್ಟದಾ? ಇಷ್ಟ್ ದಿನ ನಿಲ್ಸು ನಿಲ್ಸು ಅಂತ ತಗಡು ತೂತು ಮಾಡ್ದೆ."

ಆದರೂ ಒಳ್ಳೆಯ ಮನುಷ್ಯ. ಮೂಲೆಯಿಂದ ಒಂದು ಮುರುಕು ಕುರ್ಚಿ ಎಳೆದುಕೊಂಡು ಅದರ ಕಾಲಿಗೆ ಮುಟ್ಟಿಸತೊಡಗಿದ. ನಾನು ಒಳಗೆ ಬಂದು ಏನೂ ಆಗದವನಂತೆ ಕ್ಯಾಮೆರಾದ ಹಿಂದೆ ನಿಂತು, ಆ ಮರೀಗೌಡರು ಹಾಲಿನ ವಿಷಯದಲ್ಲಿ ಹೇಗೆ ಅಂತ ಕೇಳಿದೆ. ಅಷ್ಟು ಸಾಕಾಗಿತ್ತು. ಅಕ್ಕ ಟೀ ಲೋಟ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದಳು. ಅವರ ಹಾಲು, ಅದರ ನೀರು, ಆ ನೀರು ಯಾವ ಬಾವಿಯದು ಎಲ್ಲ ಹೊರಬಂತು. ಫ್ಲ್ಯಾಶು ಬೋರಣ್ಣನಿಗೂ ಮಿಂಚುತ್ತಿತ್ತು, ನನಗೂ ಮಿಂಚುತ್ತಿತ್ತು. ಯಾವುದು ಯಾರದು ಅಂತ ಅಕ್ಕನಿಗೆ ತಿಳಿಯಲಿಲ್ಲ, ಅವಳ ರೆಪ್ಪೆಗೂ ತಿಳಿಯಲಿಲ್ಲ. ನನ್ನ ಎಷ್ಟೋ ಫೋಟೊ ಬರೀ ಕತ್ತಲೆ ಬಂದವು, ಯಾಕೆಂದರೆ ಫ್ಲ್ಯಾಶು ಆಗ ತಾನೇ ಬೋರಣ್ಣನಿಗೆ ಓ ಅಂದು ದಣಿದಿರುತ್ತಿತ್ತು. ನಾನು ಒತ್ತುತ್ತಲೇ ಹೋದೆ.

ಒಂದು ಬಂತು.

ಮಂಜುವನ್ನು ಕರೆದು ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ತೋರಿಸಿದೆ. ಒಂದು ಕೆನ್ನೆಯ ಮೇಲೆ ಬೆಳಕು, ಇನ್ನೊಂದು ಕೆನ್ನೆ ಮೆತ್ತಗೆ ಕತ್ತಲಿಗೆ ಜಾರಿದೆ. ನಡುವೆ ಎರಡು ಕಣ್ಣು, ಪೂರ್ತಿ ತೆರೆದ ಕಣ್ಣು, ಒಂದೊಂದರಲ್ಲೂ ಪಂಚೆಯ ಬಿಳಿ ಚೌಕ. ಯಾರನ್ನೋ ಬೈಯಲು ಹೊರಟು, ಅವನ ಮೇಲೆ ಕನಿಕರ ಬಂದು ಅರ್ಧಕ್ಕೇ ನಿಲ್ಲಿಸಿದಂಥ ನೋಟ. ಮಂಜು ತುಂಬಾ ಹೊತ್ತು ನೋಡಿದ. ಅವನು ಹುಟ್ಟಿದಾಗಿನಿಂದ ಅವನ ಅವ್ವನ ಫೋಟೊಗಳನ್ನು ನೋಡುತ್ತಾ ಬಂದವನು.

"ಮಾವ," ಅಂದ, "ನಮ್ಮವ್ವ ನಮ್ಮನ್ನ ನೋಡೋದು ಇಂಗೇಯ."

ಆಮೇಲೆ ಹೊರಗೆ ಹೋಗಿ ಮಂಡ್ಯದವರಿಗೆ ಫೋನು ಮಾಡಿ ಬರುವುದಿಲ್ಲ ಅಂತ ಹೇಳಿದ. ನಾನು ಆ ಕಡೆ ಕಿವಿ ಕೊಟ್ಟಿರಲಿಲ್ಲ ಅಂತ ಹೇಳಿದರೆ ನೀವು ನಂಬಬಾರದು. ಬೋರಣ್ಣ ಮುಖವಾಡವನ್ನು ಹಣೆಗೆ ಏರಿಸಿಕೊಂಡು ಬಂದು ನೋಡಿ, ಕೆಳಗೆ ತನ್ನ ಹೆಸರನ್ನೂ ಹಾಕಿಸಬೇಕು ಅಂದ. ಅಕ್ಕ ಮಾತ್ರ ಫೋಟೊ ನೋಡಿ, ಇಷ್ಟು ವಯಸ್ಸಾಗಿದೆಯಾ ನನಗೆ ಅಂತ ಕೇಳಿದಳು. ಕಣ್ಣಿನ ವಿಷಯ ಎತ್ತಲೇ ಇಲ್ಲ. ಹೋಗುವಾಗ ಬೆಣ್ಣೆಯಲ್ಲಿ ಅರ್ಧ ಬೋರಣ್ಣನಿಗೆ ಕೊಡು ಅಂತ ಸಾವಿತ್ರಿಗೆ ಹೇಳಿ ಹೋದಳು.

ಈಗ ನನ್ನ ಹತ್ತಿರವೂ ರೇಡಿಯೊ ಟ್ರಿಗರ್ ಇದೆ. ಬೆಲೆ ಇಳಿದು ನಮ್ಮಂಥವರ ಕೈಗೂ ಬಂದಿದೆ. ಯಾರ ಬೆಳಕಿಗೂ ಅದು ಓ ಅನ್ನುವುದಿಲ್ಲ, ನನ್ನ ಮಾತು ಬಿಟ್ಟು ಬೇರೆ ಕೇಳುವುದಿಲ್ಲ. ಬೋರಣ್ಣ ಬೀಡಿ ಕಡಿಮೆ ಮಾಡಿದ್ದಾನೆ.

ಸೊಸೈಟಿಯ ಹೊಸ ಕಟ್ಟಡದ ಪ್ರಾರಂಭಕ್ಕೆ ನಾವೆಲ್ಲ ಹೋಗಿದ್ದೆವು. ಮೀಸೆಯ ಸಾಲಿನ ಕೊನೆಗೆ ಅಕ್ಕನ ಫೋಟೊ, ಚೌಕಟ್ಟಿನ ಬಣ್ಣ ಇನ್ನೂ ಹಸಿ. ಮರೀಗೌಡರು ಬಂದು ಅದರ ಎದುರು ನಿಂತರು. ಎಡಕ್ಕೆ ಸರಿದು ನೋಡಿದರು, ಬಲಕ್ಕೆ ಸರಿದು ನೋಡಿದರು.

"ಏನವ್ವ, ಎಲ್ ನಿಂತ್ರೂ ನನ್ನೇ ನೋಡ್ತೀಯಲ್ಲ," ಅಂದರು. ಹೇಳಿದ ರೀತಿಯಲ್ಲಿ ಸೋಲೂ ಇತ್ತು, ಸ್ವಲ್ಪ ಮೆಚ್ಚುಗೆಯೂ ಇತ್ತು ಅಂತ ನನ್ನ ಎಣಿಕೆ. ಸುತ್ತ ಇದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಕ್ಕ ನಗಲಿಲ್ಲ. ನಿಮಗೂ ಸಿಹಿ ಕೊಟ್ಟರಾ ಗೌಡ್ರೆ ಅಂತ ಕೇಳಿ, ತಾನೇ ಒಂದು ಲಾಡು ತಂದುಕೊಟ್ಟಳು.

ಜನ ಕರಗಿದ ಮೇಲೆ ಮಂಜು, ಅವ್ವ ಫೋಟೊ ಕೆಳಗೆ ನಿಂತ್ಕೊ, ಮೊಬೈಲಲ್ಲಿ ಒಂದು ತೆಗೀತೀನಿ ಅಂದ. ಅಕ್ಕ ಹೋಗಿ ತನ್ನ ಫೋಟೊದ ಕೆಳಗೆ ನಿಂತು ಸೆರಗು ಸರಿ ಮಾಡಿಕೊಂಡಳು. ಅವನು ಒತ್ತಿದ. ನಾವೆಲ್ಲ ತಲೆ ಸೇರಿಸಿ ನೋಡಿದೆವು. ಗೋಡೆಯ ಮೇಲಿನ ಅಕ್ಕ ಕಣ್ಣು ಬಿಟ್ಟು ಇಡೀ ಸೊಸೈಟಿಯನ್ನು ನೋಡುತ್ತಿದ್ದಾಳೆ. ಕೆಳಗೆ ನಿಂತ ಅಕ್ಕ ಗಟ್ಟಿಯಾಗಿ ಕಣ್ಣು ಮುಚ್ಚಿದ್ದಾಳೆ.

ಮಂಜು ನನ್ನ ಮುಖ ನೋಡಿದ. ನಾನು ಸಾವಿತ್ರಿಯ ಮುಖ ನೋಡಿದೆ. ಅಕ್ಕ ಮೊಬೈಲನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಮಗನಿಗೆ ವಾಪಸು ಕೊಟ್ಟಳು.

"ಇರ್ಲಿ ಬುಡ್ಲಾ," ಅಂದಳು. "ಮ್ಯಾಲಿರೋಳು ನೋಡ್ಕತಾ ಅವ್ಳಲ್ಲ. ಕೆಳಗಿರೋಳು ಒಂದ್ ಗಳಿಗೆ ಕಣ್ ಮುಚ್ಚಿದ್ರೆ ಏನಾಯ್ತದೆ."